ಸೊರಗಿದ ಚಿಪ್ ಕಾರ್ಖಾನೆಯ ಕ್ರಯ: ಒಂದು ವಿಮರ್ಶೆ

ನಷ್ಟಕ್ಕೆ ಸಿಕ್ಕಿದ ಉದ್ಯಮವೊಂದನ್ನು ಕೊಳ್ಳುವುದು ಲೇಸೇ ಅಲ್ಲವೇ ಎಂಬ ಪ್ರಶ್ನೆ ವರ್ತಕರಿಗೆ ಸೇರಿದ್ದು, ಇತಿಹಾಸದ ಅಧ್ಯಾಪಕನಿಗೆ ಅದರಲ್ಲಿ ಕೆಲಸವಿಲ್ಲ ಎಂದು ವಾಚಕರು ಭಾವಿಸಿದರೆ ಅದು ತಪ್ಪೆನ್ನಲಾಗದು. ಆದರೆ 2024ರಿಂದೀಚೆಗೆ ಅಮೆರಿಕದ ಇಂಟೆಲ್ ಎಂಬ ಚಿಪ್ ತಯಾರಿಕೆಯ ಸಂಸ್ಥೆಯ ವಿಷಯದಲ್ಲಿ ಈ ಪ್ರಶ್ನೆಯನ್ನು ಎತ್ತಿ ವಾದಿಸಿದವರ ಬರಹಗಳನ್ನು ಓದಿದಾಗ, ಅವರು ಲೆಕ್ಕದ ಪುಸ್ತಕಗಳನ್ನು ಎಷ್ಟು ಎಚ್ಚರದಿಂದ ನೋಡಿರುವರೋ ಹಿಂದೆ ನಡೆದ ಇಂಥವೇ ಖರೀದಿಗಳ ಗತಿಯನ್ನು ಅಷ್ಟು ಎಚ್ಚರದಿಂದ ನೋಡಿಲ್ಲವೆಂದು ತೋರುತ್ತದೆ. ಆ ಕೊರತೆಯನ್ನು ಅಲ್ಪಸ್ವಲ್ಪ ತುಂಬುವುದೇ ಪ್ರಸ್ತುತ ಲೇಖನದ ಉದ್ದೇಶ. ವಿಷಯವು ದೂರದೇಶದ್ದೆಂದು ಕಂಡರೂ ಅದರ ಒಂದು ಎಳೆ ಮೈಸೂರಿನವರೆಗೂ, ಅದರ ಪೂರ್ವಕಥೆಯ ಒಂದು ಪುಟ ನಮ್ಮ ಕಲಬುರಗಿಯಲ್ಲಿಯೂ ಇರುವುದನ್ನು ಮುಂದೆ ತೋರಿಸಲಾಗುವುದು.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಇಂಟೆಲ್ ಸಂಸ್ಥೆಯ ಎಲ್ಲ ಷೇರುಗಳ ಪೇಟೆಯ ಬೆಲೆಯನ್ನು ಕೂಡಿಸಿದರೆ ಬರುವ ಮೊತ್ತವು 2024ರ ಸೆಪ್ಟೆಂಬರಿನ ವೇಳೆಗೆ ಅದರ ಸ್ವಂತ ಆಸ್ತಿಯ ಪುಸ್ತಕದ ಬೆಲೆಗಿಂತ ಕೆಳಗಿಳಿದಿತ್ತು. ಆದುದರಿಂದ ಕೊಳ್ಳುವವನಿಗೆ ಕಾರ್ಖಾನೆಗಳೂ ಯಂತ್ರಗಳೂ ಅಗ್ಗವಾಗಿ ದೊರೆಯುತ್ತವೆ ಎಂಬುದು ಮೊದಲನೆಯ ಪಕ್ಷ. ಸಂಸ್ಥೆಯು ಆ ವರ್ಷದ ಮೂರನೆಯ ತ್ರೈಮಾಸಿಕ ಒಂದರಲ್ಲಿಯೇ 1,660 ಕೋಟಿ ಡಾಲರುಗಳ ನಷ್ಟವನ್ನು ತೋರಿಸಿತು. ಮುಳುಗುವ ಹಡಗನ್ನು ಅಗ್ಗವೆಂದು ಕೊಳ್ಳುವುದು ಬುದ್ಧಿವಂತಿಕೆಯಲ್ಲ ಎಂಬುದು ಎರಡನೆಯ ಪಕ್ಷ. ಇವು ಪರಸ್ಪರ ವಿರುದ್ಧವಾಗಿ ಕಂಡರೂ ಇವೆರಡಕ್ಕೂ ಒಂದೇ ತಳಹದಿಯಿದೆ. ಆಸ್ತಿ ಮತ್ತು ಹೊಣೆಗಳನ್ನು ಎದುರುಬದುರು ಬರೆದಿಡುವ ಅಢಾವೆ ಪತ್ರಿಕೆಯಲ್ಲಿಯೇ ಉತ್ತರವಿದೆಯೆಂದು ಉಭಯ ಪಕ್ಷದವರೂ ನಂಬಿದ್ದಾರೆ. ಕೊಳ್ಳತಕ್ಕ ವಸ್ತು ಆ ಪತ್ರಿಕೆಯಲ್ಲಿ ಇಲ್ಲವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಚಿಪ್ ಕಾರ್ಖಾನೆಯೆಂದರೆ ಏನು ಎಂಬುದನ್ನು ಮೊದಲು ಸ್ಥೂಲವಾಗಿ ತಿಳಿಯುವುದು ಅವಶ್ಯ. ಸಿಲಿಕಾನ್ ಎಂಬ ಮೂಲವಸ್ತುವಿನ ತೆಳುವಾದ ದುಂಡನೆಯ ಬಿಲ್ಲೆಯ ಮೇಲೆ ಬೆಳಕು, ಅನಿಲ ಮತ್ತು ರಾಸಾಯನಿಕಗಳ ಸಹಾಯದಿಂದ ಪದರದ ಮೇಲೆ ಪದರವಾಗಿ ಸೂಕ್ಷ್ಮ ರೇಖೆಗಳನ್ನು ಮೂಡಿಸುತ್ತಾರೆ. ಹೀಗೆ ನೂರಾರು ಹಂತಗಳು. ಬಿಲ್ಲೆಯೊಂದು ಒಳಹೋಗಿ ಹೊರಬರಲು ಎರಡು ಮೂರು ತಿಂಗಳು ಹಿಡಿಯುವುದುಂಟು. ಯಾವುದೋ ಒಂದು ಹಂತದಲ್ಲಿ ಆದ ಅಲ್ಪ ದೋಷ ಇಡೀ ಬಿಲ್ಲೆಯನ್ನು ಕೆಡಿಸಬಹುದು. ಆದುದರಿಂದ ಈ ಉದ್ಯಮದಲ್ಲಿ ಲಾಭನಷ್ಟಗಳು ನಿರ್ಣಯವಾಗುವುದು ಒಂದು ಬಿಲ್ಲೆಯಲ್ಲಿನ ನೂರು ಚಿಪ್‌ಗಳಲ್ಲಿ ಎಷ್ಟು ಸರಿಯಾಗಿ ಬಂದವು ಎಂಬ ಪ್ರಮಾಣದಿಂದ. ಆ ಪ್ರಮಾಣ ಯಂತ್ರದ ಬೆಲೆಯಿಂದ ಏರುವುದಿಲ್ಲ; ಅವೇ ಕೈಗಳು ಅದೇ ಕೆಲಸವನ್ನು ಎಡೆಬಿಡದೆ ಮಾಡುತ್ತ, ತಪ್ಪುಗಳನ್ನು ಗುರುತಿಸಿ ತಿದ್ದುತ್ತ ಹೋದಂತೆ ಏರುತ್ತದೆ. ಎಡೆಬಿಡದೆ ಕೆಲಸ ನಡೆಯಬೇಕಾದರೆ ಮಾಲನ್ನು ಕೊಳ್ಳುವ ಗಿರಾಕಿಗಳು ಸದಾ ಇರಬೇಕು. ಗಿರಾಕಿ ತಪ್ಪಿದರೆ ಕೆಲಸ ತಪ್ಪುತ್ತದೆ, ಕೆಲಸ ತಪ್ಪಿದರೆ ಕೈಯ ಪಳಗು ತಪ್ಪುತ್ತದೆ, ಪಳಗು ತಪ್ಪಿದಲ್ಲಿಗೆ ಗಿರಾಕಿ ಮತ್ತೆ ಬರುವುದಿಲ್ಲ. ಸೊರಗುವುದೆಂದರೆ ಈ ಚಕ್ರದಲ್ಲಿ ಸಿಕ್ಕಿಕೊಳ್ಳುವುದು. ಹಣದ ಕೊರತೆ ಅದರ ಒಂದು ಲಕ್ಷಣವೇ ಹೊರತು ಕಾರಣವಲ್ಲ.

ಜೇವರ್ಗಿ ಕಾಲೋನಿಯಲ್ಲಿ ನಮ್ಮ ನೆರೆಯಲ್ಲಿರುವ ಹಿರಿಯರೊಬ್ಬರು ಯೌವನದಲ್ಲಿ ಬಟ್ಟೆಯ ಗಿರಣಿಯೊಂದರಲ್ಲಿ ಮಗ್ಗ ನಡೆಸಿದವರು. ಚಿಪ್ಪಿನ ವಿಷಯ ಅವರಿಗೆ ತಿಳಿಯದು. ಒಂದು ಸಂಜೆ ಮಾತಿನ ನಡುವೆ ಅವರು, "ಸರ, ಮಗ್ಗದ ಸಪ್ಪಳ ಕೇಳಿದರ ಸಾಕಿತ್ತು, ಎಲ್ಲಿ ಕೆಟ್ಟದ ಅಂತ ತಿಳೀತಿತ್ತು. ಆರು ತಿಂಗಳ ಮನ್ಯಾಗ ಕುಂತು ತಿರುಗಿ ಹೋದ್ರ ಆ ಕಿವಿ ಇರಲಿಲ್ಲ ನೋಡ್ರಿ" ಎಂದರು. ಮೇಲೆ ನಾನು ಒಂದು ಕಂಡಿಕೆಯಲ್ಲಿ ಹೇಳಲು ಹೆಣಗಿದ್ದನ್ನು ಅವರು ಎರಡು ವಾಕ್ಯಗಳಲ್ಲಿ ಹೇಳಿದ್ದಾರೆ.

ಗಿರಣಿಯ ಮಾತು ಬಂದಿರುವುದರಿಂದ ಕಲಬುರಗಿಯ ನಿದರ್ಶನವನ್ನು ಇಲ್ಲಿಯೇ ನೋಡಬಹುದು. ಎಂ.ಎಸ್.ಕೆ. ಮಿಲ್ ಎಂಬುದು ಇಂದಿನ ವಿದ್ಯಾರ್ಥಿಗೆ ಊರಿನ ಒಂದು ಭಾಗದ ಹೆಸರು, ಆಟೋದವನಿಗೆ ಹೇಳುವ ಗುರುತು. ಅದರ ಪೂರ್ಣ ನಾಮಧೇಯ ಮೆಹಬೂಬ್ ಶಾಹಿ ಕಲಬುರ್ಗಿ ಮಿಲ್ಸ್. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದ್ದು. ಹತ್ತಿ ಬೆಳೆಯುವ ನಾಡು, ಮುಂಬಯಿ ಮದರಾಸುಗಳನ್ನು ಕೂಡಿಸುವ ರೈಲುದಾರಿ, ಇವೆರಡರ ಸಂಯೋಗದಿಂದ ಇಲ್ಲಿ ಗಿರಣಿ ನಿಂತಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೇಶದ ಹಳೆಯ ಬಟ್ಟೆ ಗಿರಣಿಗಳಲ್ಲಿ ಬಹುಪಾಲು ಸೊರಗಿದವು. ಯಂತ್ರಗಳು ಹಳೆಯವು, ವಿದ್ಯುತ್ ಮಗ್ಗದ ಬಟ್ಟೆ ಅಗ್ಗ, ಕೃತಕ ನೂಲಿನ ಮೇಲೆ ಜನರ ಒಲವು. ಕೇಂದ್ರ ಸರ್ಕಾರವು 1974ರ ರೋಗಗ್ರಸ್ತ ಜವಳಿ ಉದ್ಯಮಗಳ ರಾಷ್ಟ್ರೀಕರಣ ಶಾಸನದಿಂದ 103 ಗಿರಣಿಗಳನ್ನು ವಶಪಡಿಸಿಕೊಂಡು ರಾಷ್ಟ್ರೀಯ ಜವಳಿ ನಿಗಮಕ್ಕೆ ಒಪ್ಪಿಸಿತು. ನಮ್ಮ ಗಿರಣಿಯೂ ಆ ಪಟ್ಟಿಯಲ್ಲಿ ಸೇರಿತು.

ಆ ಖರೀದಿ ತಪ್ಪೆಂದು ಹೇಳುವುದು ಸುಲಭ. ನಾನು ಹಾಗೆ ಹೇಳಲಾರೆ. ಕೆಲಸಗಾರರ ಸಂಬಳ ನಿಲ್ಲಬಾರದು, ಸಾಮಾನ್ಯ ಜನರ ಬಟ್ಟೆಯ ಉತ್ಪಾದನೆ ತಪ್ಪಬಾರದು ಎಂಬುದು ಆ ಶಾಸನದ ಹಿಂದಿನ ಆಶಯವಾಗಿತ್ತು. ಎಷ್ಟೋ ಮನೆಗಳ ಒಲೆ ಅದರಿಂದ ಇನ್ನೂ ಕೆಲವು ಕಾಲ ಉರಿಯಿತು. ಉದ್ಯಮದ ದೃಷ್ಟಿಯಿಂದ ಮಾತ್ರ ವಿಚಾರಿಸುವುದಾದರೆ, ಸರ್ಕಾರ ತಂದದ್ದು ಹಣ ಮತ್ತು ಆಡಳಿತ. ತರಲಾರದೆ ಹೋದದ್ದು ಗಿರಾಕಿಯನ್ನು. ವಿದ್ಯುತ್ ಮಗ್ಗದ ಬಟ್ಟೆಯನ್ನು ಬಿಟ್ಟು ಗಿರಣಿಯ ಬಟ್ಟೆಯನ್ನೇ ಕೊಳ್ಳಿರೆಂದು ಜನರಿಗೆ ಯಾವ ಶಾಸನವೂ ವಿಧಿಸಲಾರದು. ಕಾಲಕ್ರಮದಲ್ಲಿ ಗಿರಣಿ ನಿಂತಿತು. ಉಳಿದದ್ದು ಜಾಗ ಮತ್ತು ಹೆಸರು. ಅಢಾವೆ ಪತ್ರಿಕೆಯನ್ನು ನಂಬುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಆ ಪತ್ರಿಕೆಯಲ್ಲಿದ್ದ ವಸ್ತುಗಳಲ್ಲಿ ಕಾಲದ ಹೊಡೆತಕ್ಕೆ ಸವೆಯದೆ ನಿಂತದ್ದು ಊರ ನಡುವಿನ ಭೂಮಿ ಒಂದೇ, ನೂಲಿಗೂ ಅದಕ್ಕೂ ಸಂಬಂಧವಿಲ್ಲ.

ಬಟ್ಟೆಯ ಗಿರಣಿಯ ನ್ಯಾಯವನ್ನು ಚಿಪ್ ಕಾರ್ಖಾನೆಗೆ ಹಚ್ಚಬಹುದೇ ಎಂಬ ಆಕ್ಷೇಪಕ್ಕೆ ಉತ್ತರವಾಗಿ ನಮ್ಮ ದೇಶದ್ದೇ ಆದ ಚಿಪ್ ಕಾರ್ಖಾನೆಯ ಕಥೆಯಿದೆ. ಪಂಜಾಬಿನ ಮೊಹಾಲಿಯಲ್ಲಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ಸರ್ಕಾರಿ ಸಂಸ್ಥೆ 1984ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. 5 ಮೈಕ್ರಾನ್ ಅಳತೆಯ ರೇಖೆಗಳಿಂದ ತೊಡಗಿ ಕೆಲವೇ ವರ್ಷಗಳಲ್ಲಿ 0.8 ಮೈಕ್ರಾನಿನವರೆಗೆ ಸಾಗಿತು. ಆ ಕಾಲದಲ್ಲಿ ಜಗತ್ತಿನ ಮುಂಚೂಣಿಗೂ ನಮಗೂ ಇದ್ದ ಅಂತರ ಇಂದಿನಷ್ಟು ದೊಡ್ಡದಾಗಿರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು. 1989ರ ಫೆಬ್ರವರಿಯಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. ಮತ್ತೆ ಉತ್ಪಾದನೆ ಮೊದಲಾದದ್ದು 1997ರಲ್ಲಿ. ಎಂಟು ವರ್ಷವೆಂದರೆ ಈ ಉದ್ಯಮದಲ್ಲಿ ಮೂರು ನಾಲ್ಕು ತಲೆಮಾರು. ಕಟ್ಟಡವನ್ನು ಕಟ್ಟಬಹುದು, ಯಂತ್ರಗಳನ್ನು ತರಿಸಬಹುದು. ಹೋದ ಎಂಟು ವರ್ಷದ ಪಳಗನ್ನು ತರಿಸಲು ಯಾವ ದೇಶದಲ್ಲಿಯೂ ಅಂಗಡಿಯಿಲ್ಲ.

ಆದರೂ ಆ ಸಂಸ್ಥೆ ಸಾಯಲಿಲ್ಲ. 2005ರ ಸುಮಾರಿಗೆ ಅದನ್ನು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಬಾಹ್ಯಾಕಾಶ ಇಲಾಖೆಯ ಆಶ್ರಯಕ್ಕೆ ಒಪ್ಪಿಸಲಾಯಿತು. ಒಂದು ಅರ್ಥದಲ್ಲಿ ಇದೂ ಸೊರಗಿದ ಚಿಪ್ ಕಾರ್ಖಾನೆಯ ಸ್ವಾಧೀನವೇ. ಇಲ್ಲಿ ಹೊಸ ಒಡೆಯನ ಕೈಯಲ್ಲಿ ಹಣಕ್ಕಿಂತ ಮುಖ್ಯವಾದ ಇನ್ನೊಂದು ವಸ್ತುವಿತ್ತು: ಅವನಿಗೇ ಚಿಪ್ ಬೇಕಾಗಿತ್ತು. ರಾಕೆಟ್ಟು ಮತ್ತು ಉಪಗ್ರಹಗಳಿಗೆ ಬೇಕಾದ, ಹೊರದೇಶದವರು ಕೊಡಲು ಹಿಂದೆಮುಂದೆ ನೋಡುವ, ಲಕ್ಷಗಟ್ಟಲೆಯಲ್ಲಿ ಬೇಕಿಲ್ಲದ ಆದರೆ ತಪ್ಪದೆ ಬೇಕಾದ ಚಿಪ್‌ಗಳು. ಅಲ್ಲಿ 180 ನ್ಯಾನೋಮೀಟರ್ ಅಳತೆಯ ಸಾಲು ಸ್ಥಾಪಿತವಾಯಿತು. ವಿಕ್ರಮ್ 1601 ಎಂಬ ಸಂಸ್ಕಾರಕವು 2009ರಿಂದ ನಮ್ಮ ಉಡ್ಡಯನ ವಾಹನಗಳಲ್ಲಿ ಹೋಗುತ್ತಿತ್ತು. ಅದರ ಮುಂದಿನ ರೂಪವಾದ ವಿಕ್ರಮ್ 3201 ಅನ್ನು 2025ರ ಸೆಪ್ಟೆಂಬರಿನಲ್ಲಿ ಪ್ರಧಾನಿಯವರಿಗೆ ಅರ್ಪಿಸಲಾಯಿತು. ಪತ್ರಿಕೆಗಳು ಇದನ್ನು ಮಹಾವಿಜಯವೆಂಬಂತೆ ಬರೆದವು. ಸಂಸ್ಥೆ ಬದುಕಿತು ಎಂಬಷ್ಟು ಸತ್ಯ; ಪೇಟೆಯಲ್ಲಿ ನಿಲ್ಲುವ ಉದ್ಯಮವಾಗಿ ಬೆಳೆಯಿತೆಂದರೆ ಅತಿಶಯೋಕ್ತಿ. ಒಬ್ಬನೇ ಗಿರಾಕಿಯ ಹಸಿವಿಗೆ ತಕ್ಕಷ್ಟೇ ಅಡಿಗೆ.

ಇನ್ನು ಹೊರಗಿನ ಪ್ರಪಂಚದಲ್ಲಿ ನಡೆದ ಎರಡು ವ್ಯವಹಾರಗಳನ್ನು ನೋಡೋಣ. ಇವೆರಡರಲ್ಲಿಯೂ ಐ.ಬಿ.ಎಂ. ಸಂಸ್ಥೆಯೇ ಪಾತ್ರಧಾರಿ. 1982ರ ಡಿಸೆಂಬರಿನಲ್ಲಿ ಐ.ಬಿ.ಎಂ. ಸಂಸ್ಥೆಯು 25 ಕೋಟಿ ಡಾಲರು ಕೊಟ್ಟು ಇಂಟೆಲ್‌ನ ನೂರಕ್ಕೆ 12ರಷ್ಟು ಪಾಲನ್ನು ಕೊಳ್ಳುವುದಾಗಿ ಪ್ರಕಟಿಸಿತು. ಮುಂದೆ ಅದನ್ನು ಹೆಚ್ಚಿಸಿಕೊಂಡಿತು. ಜಪಾನಿನ ಪೈಪೋಟಿಯಿಂದ ಅಮೆರಿಕದ ಚಿಪ್ ಉದ್ಯಮ ತತ್ತರಿಸುತ್ತಿದ್ದ ಕಾಲವದು. 1985ರಲ್ಲಿ ಇಂಟೆಲ್ ತಾನು ಹುಟ್ಟುಹಾಕಿದ ಸ್ಮೃತಿ ಚಿಪ್‌ಗಳ ವ್ಯಾಪಾರವನ್ನೇ ಬಿಟ್ಟುಕೊಡಬೇಕಾಯಿತು. ಐ.ಬಿ.ಎಂ. ಏಕೆ ಹಣ ಹಾಕಿತು? 1981ರಲ್ಲಿ ಅದು ಹೊರತಂದ ವೈಯಕ್ತಿಕ ಗಣಕಯಂತ್ರದ ಒಳಗೆ ಇಂಟೆಲ್‌ನ ಚಿಪ್ ಇತ್ತು. ಗಿರಾಕಿಯು ತನಗೆ ಮಾಲು ಕೊಡುವವನನ್ನು ನಿಲ್ಲಿಸಿಕೊಂಡನು. ಇಂಟೆಲ್ ತನ್ನ ಕಾಲ ಮೇಲೆ ನಿಂತ ಮೇಲೆ, 1987ರ ವೇಳೆಗೆ, ಐ.ಬಿ.ಎಂ. ತನ್ನ ಪಾಲನ್ನು ಮಾರಿ ಹೊರಬಂದಿತು. ಇಂಟೆಲ್ ಕೊಳ್ಳತಕ್ಕದ್ದೆಂದು ಇಂದು ವಾದಿಸುವವರು ಸಂಸ್ಥೆಯ ಇತಿಹಾಸದ ಈ ಅಧ್ಯಾಯವನ್ನು ನೆನೆಯದಿರುವುದು ಆಶ್ಚರ್ಯ.

ಎರಡನೆಯ ವ್ಯವಹಾರ ಇನ್ನೂ ವಿಚಿತ್ರವಾದದ್ದು. 2014ರ ಅಕ್ಟೋಬರಿನಲ್ಲಿ ಐ.ಬಿ.ಎಂ. ತನ್ನ ಸ್ವಂತ ಚಿಪ್ ಕಾರ್ಖಾನೆಗಳನ್ನು ಗ್ಲೋಬಲ್‌ಫೌಂಡ್ರೀಸ್ ಎಂಬ ಸಂಸ್ಥೆಗೆ ಒಪ್ಪಿಸಿತು. ಬೆಲೆ 150 ಕೋಟಿ ಡಾಲರು. ಆದರೆ ಅದನ್ನು ಕೊಟ್ಟವನು ಕೊಂಡವನಲ್ಲ, ಮಾರಿದವನು. ಹೊರೆಯನ್ನು ಹೊತ್ತುಕೊಂಡು ಹೋಗಲು ಕೂಲಿ ಕೊಟ್ಟಂತೆ. ಅದರೊಂದಿಗೆ ಹತ್ತು ವರ್ಷಗಳವರೆಗೆ ತನ್ನ ಸರ್ವರ್ ಚಿಪ್‌ಗಳನ್ನು ಅಲ್ಲಿಯೇ ಮಾಡಿಸುವ ಕರಾರನ್ನೂ ಮಾಡಿಕೊಂಡಿತು. ಹಾಗಾದರೆ ಗ್ಲೋಬಲ್‌ಫೌಂಡ್ರೀಸ್‌ಗೆ ದಕ್ಕಿದ್ದು ಕಾರ್ಖಾನೆಯಲ್ಲ, ಆ ಕರಾರು. ನಾನು ಮಂಡಿಸುತ್ತಿರುವ ವಾದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲವೆಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅದು ಪ್ರಾಮಾಣಿಕವಾಗುವುದಿಲ್ಲ. 2018ರಲ್ಲಿ ಗ್ಲೋಬಲ್‌ಫೌಂಡ್ರೀಸ್ 7 ನ್ಯಾನೋಮೀಟರ್ ಅಳತೆಯ ಕೆಲಸವನ್ನು ಕೈಬಿಟ್ಟಿತು. 2021ರಲ್ಲಿ ಐ.ಬಿ.ಎಂ. ನ್ಯಾಯಾಲಯಕ್ಕೆ ಹೋಯಿತು. 2025ರ ಜನವರಿಯಲ್ಲಿ ರಾಜಿಯಾಯಿತು. ಅಂದರೆ ಕಾಗದದ ಮೇಲೆ ಬರೆದುಕೊಂಡ ಗಿರಾಕಿಯೂ ತಂತ್ರ ಮುಂದುವರಿಯದಿದ್ದರೆ ಉಳಿಯುವುದಿಲ್ಲ. ಗಿರಾಕಿಯೊಬ್ಬನಿದ್ದರೆ ಎಲ್ಲವೂ ಸರಿಯಾಗುವುದೆಂದು ಹೇಳುವುದು ನನ್ನ ಉದ್ದೇಶವಲ್ಲ. ಅವನಿಲ್ಲದೆ ಉಳಿದ ಯಾವುದೂ ಸರಿಯಾಗುವುದಿಲ್ಲವೆಂಬಷ್ಟೇ ನನ್ನ ಮಾತು.

ಈಗ ಇಂಟೆಲ್‌ನ ಪ್ರಸ್ತುತ ಸ್ಥಿತಿಗೆ ಬರಬಹುದು. 1968ರಲ್ಲಿ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಸ್ಥಾಪಿಸಿದ ಈ ಸಂಸ್ಥೆ ಚಿಪ್‌ಗಳನ್ನು ತಾನೇ ರೂಪಿಸಿ ತಾನೇ ತಯಾರಿಸುವ ಪದ್ಧತಿಯದು. 1987ರಲ್ಲಿ ಮಾರಿಸ್ ಚಾಂಗ್ ತೈವಾನಿನಲ್ಲಿ ಆರಂಭಿಸಿದ ಟಿ.ಎಸ್.ಎಂ.ಸಿ. ಸಂಸ್ಥೆ ಇದಕ್ಕೆ ಭಿನ್ನವಾಗಿ, ಇತರರು ರೂಪಿಸಿದ್ದನ್ನು ತಯಾರಿಸಿಕೊಡುವುದಷ್ಟನ್ನೇ ವೃತ್ತಿಯಾಗಿ ಹಿಡಿಯಿತು. ಸೆಲ್‌ಫೋನುಗಳ ಯುಗ ಬಂದಾಗ ಅವುಗಳ ಚಿಪ್‌ಗಳೆಲ್ಲ ಅತ್ತ ಹೋದವು. ಬಿಲ್ಲೆಗಳು ಅತ್ತ ಹೋದುದರಿಂದ ಪಳಗೂ ಅತ್ತಲೇ ಹೋಯಿತು. 2016ರ ಸುಮಾರಿಗೆ ಬರಬೇಕಾಗಿದ್ದ ಇಂಟೆಲ್‌ನ 10 ನ್ಯಾನೋಮೀಟರ್ ತಂತ್ರ ಪೇಟೆಯಲ್ಲಿ ಸರಿಯಾಗಿ ಕಾಣಿಸಿಕೊಂಡದ್ದು 2019ರಲ್ಲಿ. 2021ರಲ್ಲಿ ಮುಖ್ಯಾಧಿಕಾರಿಯಾಗಿ ಬಂದ ಪ್ಯಾಟ್ ಗೆಲ್ಸಿಂಗರ್, ಇನ್ನು ಮೇಲೆ ಇಂಟೆಲ್ ಇತರರಿಗೂ ಚಿಪ್ ಮಾಡಿಕೊಡುವುದೆಂದು ಘೋಷಿಸಿ ಭಾರಿ ಕಾರ್ಖಾನೆಗಳಿಗೆ ಕೈಹಾಕಿದರು. ಓಹಿಯೋ ರಾಜ್ಯದಲ್ಲಿ ಎರಡು ಕಾರ್ಖಾನೆಗಳಿಗೆ 2,000 ಕೋಟಿ ಡಾಲರುಗಳೆಂದು 2022ರಲ್ಲಿ ಪ್ರಕಟವಾಯಿತು; ಮೊದಲನೆಯದು ಮುಗಿಯುವುದು 2030ಕ್ಕೆ ಎಂದು 2025ರಲ್ಲಿ ತಿಳಿಸಲಾಯಿತು. ತಯಾರಿಕಾ ವಿಭಾಗವೊಂದರ ನಷ್ಟ 2023ರಲ್ಲಿ ಸುಮಾರು 700 ಕೋಟಿ ಡಾಲರುಗಳಿದ್ದದ್ದು 2024ರಲ್ಲಿ 1,340 ಕೋಟಿಗೆ ಏರಿತು. 2024ರ ಡಿಸೆಂಬರಿನಲ್ಲಿ ಗೆಲ್ಸಿಂಗರ್ ನಿರ್ಗಮಿಸಿದರು.

ಇಂಥ ಸಂಸ್ಥೆಯನ್ನು ಕೊಳ್ಳಲು ಕ್ವಾಲ್ಕಾಮ್ ವಿಚಾರಿಸಿತೆಂದು 2024ರ ಸೆಪ್ಟೆಂಬರಿನಲ್ಲಿ ವರದಿಯಾಯಿತು. ನವೆಂಬರಿನ ವೇಳೆಗೆ ಆ ಉತ್ಸಾಹ ತಣ್ಣಗಾದ ವರದಿಯೂ ಬಂದಿತು. ಅಗ್ಗವೆನ್ನುವವರು ಇದನ್ನು ಧೈರ್ಯದ ಅಭಾವವೆಂದು ಬಗೆದರು. ಎರಡು ಸಂಗತಿಗಳನ್ನು ಅವರು ಲಕ್ಷಿಸಲಿಲ್ಲ. ಮೊದಲನೆಯದು ಪರವಾನಗಿಯದು. ಇಂಟೆಲ್‌ನ ಸಂಸ್ಕಾರಕಗಳು ಯಾವ ಆಜ್ಞಾಪದ್ಧತಿಯ ಮೇಲೆ ನಡೆಯುತ್ತವೆಯೋ ಆ ಎಕ್ಸ್86 ಪದ್ಧತಿಯಲ್ಲಿ ಇಂಟೆಲ್ ಮತ್ತು ಎ.ಎಂ.ಡಿ. ಸಂಸ್ಥೆಗಳ ಏಕಸ್ವಾಮ್ಯದ ಹಕ್ಕುಗಳು ಒಂದರೊಳಗೊಂದು ಹೆಣೆದುಕೊಂಡಿವೆ. 2009ರ ಒಪ್ಪಂದದಿಂದ ಇಬ್ಬರೂ ಪರಸ್ಪರ ಪರವಾನಗಿ ಕೊಟ್ಟುಕೊಂಡರು. ಇಬ್ಬರಲ್ಲಿ ಯಾರ ಒಡೆತನ ಬೇರೆಯವರ ಕೈಗೆ ಹೋದರೂ ಆ ಪರವಾನಗಿ ಮುಗಿಯುವುದೆಂಬ ಷರತ್ತು ಅದರಲ್ಲಿದೆ. ಆದುದರಿಂದ ಇಂಟೆಲ್‌ನ ಅತ್ಯಮೂಲ್ಯವಾದ ಸ್ವತ್ತು, ಕೊಂಡ ಕ್ಷಣದಲ್ಲಿಯೇ ಎ.ಎಂ.ಡಿ. ಸಂಸ್ಥೆಯ ದಾಕ್ಷಿಣ್ಯಕ್ಕೆ ಒಳಗಾಗುತ್ತದೆ. ಎರಡನೆಯದು ಸರ್ಕಾರದ ಷರತ್ತು. ಚಿಪ್ ತಯಾರಿಕೆಗೆ ಅಮೆರಿಕದ ಸರ್ಕಾರ 2024ರ ನವೆಂಬರಿನಲ್ಲಿ ಮಂಜೂರು ಮಾಡಿದ 786 ಕೋಟಿ ಡಾಲರುಗಳ ನೆರವಿಗೆ, ತಯಾರಿಕಾ ವಿಭಾಗವನ್ನು ಬೇರ್ಪಡಿಸಿದರೂ ಅದರ ಅರ್ಧಕ್ಕಿಂತ ಹೆಚ್ಚಿನ ಪಾಲು ಇಂಟೆಲ್‌ನಲ್ಲಿಯೇ ಇರಬೇಕೆಂಬ ಕಟ್ಟಳೆಯಿತ್ತು. ಕೊಂಡವನು ಬೇಕಾದ್ದನ್ನು ಇಟ್ಟುಕೊಂಡು ಬೇಡವಾದ್ದನ್ನು ಮಾರುವಂತಿಲ್ಲ.

2025ರ ಆಗಸ್ಟಿನಲ್ಲಿ ಕೊಂಡವರು ಯಾರೆಂದರೆ ಸ್ವತಃ ಅಮೆರಿಕದ ಸರ್ಕಾರ. ಕೊಡಬೇಕಾಗಿ ಉಳಿದಿದ್ದ ನೆರವಿನ ಹಣ 570 ಕೋಟಿಗೆ ರಕ್ಷಣಾ ಯೋಜನೆಯೊಂದರ 320 ಕೋಟಿಯನ್ನು ಕೂಡಿಸಿ, ಆ 890 ಕೋಟಿ ಡಾಲರುಗಳಿಗೆ ಪ್ರತಿಯಾಗಿ ಷೇರೊಂದಕ್ಕೆ 20.47 ಡಾಲರಿನಂತೆ ಸುಮಾರು ಹತ್ತನೆಯ ಒಂದು ಪಾಲನ್ನು ತೆಗೆದುಕೊಂಡಿತು. ಖಾಸಗಿ ಉದ್ಯಮದ ತವರೆನಿಸಿದ ದೇಶವು 1974ರ ದಿಲ್ಲಿಯ ದಾರಿಯನ್ನು ಹಿಡಿದಂತೆ ಕಾಣುವುದು ಇತಿಹಾಸದ ಒಂದು ಕೌತುಕ. ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾ ಸಂಸ್ಥೆ 500 ಕೋಟಿ ಡಾಲರುಗಳನ್ನು ಹಾಕುವುದಾಗಿ ಪ್ರಕಟಿಸಿತು. ವರ್ಷ ಮುಗಿಯುವಷ್ಟರಲ್ಲಿ ಷೇರಿನ ಬೆಲೆ ಸರ್ಕಾರ ಕೊಟ್ಟದ್ದಕ್ಕಿಂತ ಬಹಳ ಮೇಲೇರಿತ್ತು. ಅಗ್ಗವೆಂದವರ ಮಾತೇ ನಿಜವಾಯಿತಲ್ಲವೇ ಎಂದು ಕೇಳಬಹುದು. ಷೇರನ್ನು ಕೊಂಡು ಮಾರುವವನ ಮಟ್ಟಿಗೆ ನಿಜವಾಯಿತೆಂದು ಒಪ್ಪಲೇಬೇಕು. ಆದರೆ ಷೇರಿನ ಬೆಲೆ ಏರಿದ್ದರಿಂದ ಕಾರ್ಖಾನೆಗೆ ಬಿಲ್ಲೆ ಬರುವುದಿಲ್ಲ. ಸರ್ಕಾರ ಪಾಲು ಕೊಳ್ಳುವುದಕ್ಕೆ ಒಂದು ತಿಂಗಳು ಮೊದಲು, ಜುಲೈಯಲ್ಲಿ, ಇಂಟೆಲ್ ತಾನೇ ಒಂದು ಮಾತನ್ನು ಬರೆದುಕೊಟ್ಟಿತ್ತು: ಮುಂದಿನ 14ಎ ಎಂಬ ತಯಾರಿಕಾ ತಂತ್ರಕ್ಕೆ ಹೊರಗಿನ ದೊಡ್ಡ ಗಿರಾಕಿ ದೊರೆಯದಿದ್ದರೆ ಅದರ ಕೆಲಸವನ್ನು ತಡೆಯಬೇಕಾಗಬಹುದು ಅಥವಾ ಕೈಬಿಡಬೇಕಾಗಬಹುದು. ಎನ್‌ವಿಡಿಯಾ ಹಣ ಹಾಕಿದಾಗಲೂ ಪ್ರಕಟವಾದದ್ದು ಇಬ್ಬರೂ ಕೂಡಿ ಚಿಪ್‌ಗಳನ್ನು ರೂಪಿಸುವ ಮಾತು. ತನ್ನ ಮುಖ್ಯ ಚಿಪ್‌ಗಳನ್ನು ಇಂಟೆಲ್‌ನ ಕಾರ್ಖಾನೆಯಲ್ಲಿ ಮಾಡಿಸುವುದಾಗಿ ಅದು ಹೇಳಲಿಲ್ಲ. 1982ರ ಐ.ಬಿ.ಎಂ.ಗೂ 2025ರ ಈ ಪಾಲುದಾರರಿಗೂ ಇರುವ ವ್ಯತ್ಯಾಸ ಇಲ್ಲಿದೆ.

ಕರ್ನಾಟಕಕ್ಕೆ ಇದರಿಂದ ಏನಾಗಬೇಕಾಗಿದೆ? ಬೆಂಗಳೂರಿನ ಮಾತು ಬೇರೆ. ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್ ಅಲ್ಲಿ 1985ರಲ್ಲಿಯೇ ಚಿಪ್ ರೂಪಿಸುವ ಕಚೇರಿಯನ್ನು ತೆರೆಯಿತು. ಇಂಟೆಲ್ 2008ರಲ್ಲಿ ಹೊರತಂದ ಆರು ತಿರುಳುಗಳ ಜಿಯಾನ್ 7400 ಸಂಸ್ಕಾರಕವನ್ನು ರೂಪಿಸಿದವರು ಬೆಂಗಳೂರಿನ ಎಂಜಿನಿಯರುಗಳು. ರೂಪಿಸುವ ವಿದ್ಯೆ ನಮ್ಮಲ್ಲಿದೆ, ತಯಾರಿಸುವ ಕಾರ್ಖಾನೆಯಿಲ್ಲ ಎಂಬ ಕೊರಗು ಹಳೆಯದು. ಅದನ್ನು ನೀಗಿಸುವಂತೆ 2022ರ ಮೇ 1ರಂದು ಕರ್ನಾಟಕ ಸರ್ಕಾರ ಐ.ಎಸ್.ಎಂ.ಸಿ. ಎಂಬ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಮೈಸೂರಿನ ಕೋಚನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ 150 ಎಕರೆ, 22,900 ಕೋಟಿ ರೂಪಾಯಿಗಳ ಬಂಡವಾಳ, 65 ನ್ಯಾನೋಮೀಟರ್ ಚಿಪ್‌ಗಳು, 1,500 ನೇರ ಉದ್ಯೋಗಗಳು. ಐ.ಎಸ್.ಎಂ.ಸಿ. ಎಂಬುದು ಅಬುಧಾಬಿಯ ನೆಕ್ಸ್ಟ್ ಆರ್ಬಿಟ್ ವೆಂಚರ್ಸ್ ಮತ್ತು ಇಸ್ರೇಲಿನ ಟವರ್ ಸೆಮಿಕಂಡಕ್ಟರ್ ಸಂಸ್ಥೆಗಳ ಕೂಟ. ತಂತ್ರಜ್ಞಾನವೆಲ್ಲ ಟವರ್‌ನದು.

ಒಪ್ಪಂದದ ದಿನವೇ ಒಂದು ಸಂಗತಿ ಬಲ್ಲವರಿಗೆ ಗೊತ್ತಿದ್ದಿತು. ಅದಕ್ಕೂ ಎರಡೂವರೆ ತಿಂಗಳು ಮುಂಚೆ, ಫೆಬ್ರವರಿಯಲ್ಲಿಯೇ, ಟವರ್ ಸಂಸ್ಥೆಯನ್ನು 540 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಇಂಟೆಲ್ ಪ್ರಕಟಿಸಿತ್ತು. ಇಂಟೆಲ್ ಇಲ್ಲಿ ಬಯಸಿದ್ದೇನು? ಟವರ್‌ನ ಕಾರ್ಖಾನೆಗಳು ಹಳೆಯ ಅಳತೆಯವು. ಇಂಟೆಲ್‌ಗೆ ಅವುಗಳ ಕೊರತೆಯಿರಲಿಲ್ಲ. ಇತರರಿಗೆ ಚಿಪ್ ಮಾಡಿಕೊಡುವ ವೃತ್ತಿಯಲ್ಲಿ ಟವರ್ ದಶಕಗಳಿಂದ ಪಳಗಿತ್ತು, ಅದಕ್ಕೆ ನಂಬಿಕೆಯ ಗಿರಾಕಿಗಳಿದ್ದರು. ತನ್ನಲ್ಲಿ ಇಲ್ಲದ್ದು ಯಾವುದೆಂಬುದನ್ನು ಇಂಟೆಲ್ ಚೆನ್ನಾಗಿಯೇ ಬಲ್ಲದಾಗಿತ್ತು. ಚೀನದ ಅಧಿಕಾರಿಗಳ ಅನುಮತಿ ಗಡುವಿನೊಳಗೆ ಬಾರದೆ 2023ರ ಆಗಸ್ಟಿನಲ್ಲಿ ಆ ಖರೀದಿ ಮುರಿಯಿತು, ಇಂಟೆಲ್ 35.3 ಕೋಟಿ ಡಾಲರುಗಳನ್ನು ಟವರ್‌ಗೆ ತೆತ್ತಿತು. ಏನೂ ಕೊಳ್ಳದೆ ಕೊಟ್ಟ ಬೆಲೆ. ಈ ನಡುವೆ ಹದಿನೆಂಟು ತಿಂಗಳು, ಯಾರ ಕೈಸೇರುವೆನೆಂದು ತಿಳಿಯದ ಟವರ್ ಮೈಸೂರಿನ ಯೋಜನೆಗೆ ಸಹಿ ಹಾಕುವ ಸ್ಥಿತಿಯಲ್ಲಿರಲಿಲ್ಲ. ಯೋಜನೆ ನಿಂತಿರುವುದಾಗಿ 2023ರ ಮಧ್ಯದಲ್ಲಿಯೇ ಸುದ್ದಿಯಾಯಿತು. ಕೋಚನಹಳ್ಳಿಯ ಯೋಜನೆಯ ಗತಿ ಕ್ಯಾಲಿಫೋರ್ನಿಯ ಮತ್ತು ಬೀಜಿಂಗಿನ ಕಚೇರಿಗಳಲ್ಲಿ ನಿರ್ಣಯವಾಯಿತು.

ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಮಿತ್ರರೊಬ್ಬರು ಈ ವಾದವನ್ನು ಕೇಳಿ, ಹಾಗಾದರೆ ಕರ್ನಾಟಕ ಸುಮ್ಮನೆ ಕುಳಿತಿರಬೇಕೇ ಎಂದು ಕೇಳಿದರು. ಹಾಗಲ್ಲ. ಮೈಸೂರಿನ ಯೋಜನೆಯ 65 ನ್ಯಾನೋಮೀಟರ್ ಅಳತೆಯನ್ನು ಹಳತೆಂದು ಹಳಿದವರೊಡನೆ ನಾನು ಸೇರುವವನಲ್ಲ. ಮೋಟಾರು ವಾಹನ, ವಿದ್ಯುತ್ ಮಾಪಕ, ಪಂಪುಸೆಟ್ಟಿನ ನಿಯಂತ್ರಕ, ಇವುಗಳಿಗೆ ಬೇಕಾದ ಚಿಪ್‌ಗಳು ಆ ಅಳತೆಯಲ್ಲಿ ಅಥವಾ ಅದಕ್ಕೂ ದಪ್ಪನೆಯ ಅಳತೆಯಲ್ಲಿಯೇ ಆಗುತ್ತವೆ. ಅವನ್ನು ಹೇರಳವಾಗಿ ಬಳಸುವ ದೇಶ ನಮ್ಮದು. ಅಂದರೆ ಗಿರಾಕಿಯು ನಮ್ಮ ಮನೆಯಲ್ಲಿಯೇ ಇದ್ದಾನೆ. ಸೊರಗಿದ ಕಾರ್ಖಾನೆಯೊಂದನ್ನು ಕೊಳ್ಳಲು ಅಥವಾ ಅದರ ತಂತ್ರವನ್ನು ತರಲು ನಾಳೆ ಯಾರಾದರೂ ಮುಂದೆ ಬಂದಾಗ, ವಿದ್ಯುತ್ ಸರಬರಾಜು ಕಂಪನಿಗಳೂ ವಾಹನ ತಯಾರಕರೂ ಇಂತಿಷ್ಟು ವರ್ಷ ಇಂತಿಷ್ಟು ಬಿಲ್ಲೆಗಳ ಮಾಲನ್ನು ಕೊಳ್ಳುವೆವೆಂದು ಬರೆದುಕೊಟ್ಟ ಕಾಗದ ಮೇಜಿನ ಮೇಲಿದ್ದರೆ, ಕೇಳುವ ಬೆಲೆ ಹೆಚ್ಚೋ ಕಡಿಮೆಯೋ ಎಂಬ ಚರ್ಚೆಗೆ ಅರ್ಥವುಂಟು. 2022ರ ಮೇ ತಿಂಗಳ ಪ್ರಕಟಣೆಯಲ್ಲಿ ಎದ್ದು ಕಂಡ ಅಂಕಿಗಳು ಬಂಡವಾಳದ್ದು ಮತ್ತು ಉದ್ಯೋಗದ್ದು.